ವಿಯೆಟ್ನಾಮೀಸ್‌ನಲ್ಲಿ "ಥೇ ಸಾಯ್ ಖಿಯೆನ್" ಅಂದ್ರೆ ಏನು? ನಮ್ಮ "ಇಸು" ಥರಾನಾ?

ದನಾಂಗ್_ಹುಡುಗಿ

ಎಲ್ರಿಗೂ ನಮಸ್ಕಾರ. ನಾನು ದನಾಂಗ್‌ನಲ್ಲಿ ಕೆಲಸ ಮಾಡ್ತಿದೀನಿ, ಬಂದು ಹತ್ತು ತಿಂಗಳಾಯ್ತು, ವಾರಕ್ಕೆ ಎರಡು ದಿನ ವಿಯೆಟ್ನಾಮೀಸ್ ಕ್ಲಾಸಿಗೆ ಹೋಗ್ತೀನಿ. ಆಫೀಸಲ್ಲಿ ಪಕ್ಕದ ಸೀಟಿನ ಹುಡುಗಿ ಜಪಾನೀಸ್ ಕಲೀತಿದಾಳೆ, ಅವಳ ನೋಟ್‌ಬುಕ್ಕಲ್ಲಿ ಒಂದು ಪೇಜ್ ಮೇಲೆ ದೊಡ್ಡದಾಗಿ "ಥೇ ಸಾಯ್ ಖಿಯೆನ್" ಅಂತ ಬರೆದಿತ್ತು. ಏನಿದು ಅಂತ ಕೇಳಿದ್ದಕ್ಕೆ "ಇನ್ನೊಬ್ರ ಕೈಲಿ ಕೆಲಸ ಮಾಡಿಸೋದು" ಅಂತ ವಿವರಿಸಿದ್ಲು. ನನಗೆ ತಕ್ಷಣ ಹೊಳೆದಿದ್ದು ನಮ್ಮ ಪ್ರೇರಣಾರ್ಥಕ, ಮಾಡು-ಮಾಡಿಸು, ಓದು-ಓದಿಸು. ಸರಿ ಅಂತ ನಮ್ಮ ಟೀಚರ್ ಹತ್ರ ಹೋಗಿ ವಿಯೆಟ್ನಾಮೀಸ್‌ನಲ್ಲಿ ಈ ರೂಪ ಹೇಗೆ ಮಾಡೋದು ಹೇಳ್ಕೊಡಿ ಅಂದ್ರೆ ಅವ್ರು "ನಮ್ಮ ಭಾಷೇಲಿ ಅದಿಲ್ಲ" ಅಂದುಬಿಟ್ರು. ಹೆಸರು ಇದೆ, ವಸ್ತು ಇಲ್ಲ ಅಂದ್ರೆ ಹೇಗೆ?

ಇದನ್ನ ಕೇಳ್ತಿರೋದಕ್ಕೆ ಇನ್ನೊಂದು ಕಾರಣ ಇದೆ. ಹೋದ ವಾರ ನನ್ನ ಬೈಕ್ ಕೆಟ್ಟಿತ್ತು, ಆಫೀಸಿನ ಒಬ್ಬ ಸೀನಿಯರ್ ಪಾಪ ಅರ್ಧ ಗಂಟೆ ಕೂತು ಸರಿ ಮಾಡ್ಕೊಟ್ರು. ಮಾರನೇ ದಿನ ಎಲ್ರ ಮುಂದೆ ಅವ್ರನ್ನ ಹೊಗಳೋಣ ಅಂತ "ಅವ್ರ ಕೈಲಿ ಬೈಕ್ ರಿಪೇರಿ ಮಾಡಿಸ್ದೆ" ಅನ್ನೋದನ್ನ ಹೇಳೋಕೆ "ತೋಯ್ ಬತ್ ಆಞ್ ಅಯ್ ಸುವಾ ಸೆ ಮಾಯ್" ಅಂದೆ. ಡಿಕ್ಷನರೀಲಿ "ಬತ್" ಅಂದ್ರೆ ಮಾಡಿಸು ಅಂತಾನೇ ಇತ್ತು. ಒಂದು ಕ್ಷಣ ಯಾರೂ ಮಾತಾಡ್ಲಿಲ್ಲ, ಅವ್ರೂ ಮುಖ ಸಪ್ಪೆ ಮಾಡ್ಕೊಂಡ್ರು. ಏನೋ ತಪ್ಪಾಗಿದೆ ಅಂತ ಗೊತ್ತಾಯ್ತು, ಆದ್ರೆ ಏನು ಅಂತ ಇವತ್ತಿಗೂ ತಿಳೀತಿಲ್ಲ. ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ ದಯವಿಟ್ಟು.

ಕಲಿಕೆ_ನಿರಂತರ

ಮೇಡಂ ಇದು ಆಜ್ಞೆ ಕೊಡೋ ವಾಕ್ಯ ಅಲ್ವಾ? "ಮಾಡು", "ಹೋಗಬೇಡ" ಅನ್ನೋ ಥರದ್ದು. ನಾನು ಹನೋಯ್‌ನಲ್ಲಿ ಮೂರು ತಿಂಗಳ ಕೋರ್ಸ್ ಮಾಡಿದಾಗ ಖಿಯೆನ್ ಅನ್ನೋ ಪದ ಆ ಪಾಠದಲ್ಲೇ ಬಂದಿದ್ದು.

ಪದಮೂಲ

ಕಲಿಕೆ ಅವ್ರೇ, ನೀವು ಹೇಳ್ತಿರೋದು "ಕವ್ ಕವ್ ಖಿಯೆನ್", ಅದು ಬೇರೆ. ಮೊದಲ ಕವ್ ಅಂದ್ರೆ ವಾಕ್ಯ, ಎರಡನೇ ಕವ್ ಅಂದ್ರೆ ಬೇಡು, ಕೋರು. ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ ಥರ ಕಾಣುತ್ತೆ ಆದ್ರೆ ಟೋನ್, ಅಂದ್ರೆ ಪದ ಹೇಳೋವಾಗ ದನಿಯ ಏರಿಳಿತ, ಬೇರೆ ಬೇರೆ. ಅದು ವಿಧ್ಯರ್ಥ, ಅಂದ್ರೆ ಎದುರಿಗಿರೋರಿಗೆ ನೇರವಾಗಿ ಮಾಡು, ಮಾಡಬೇಡ, ಮಾಡೋಣ ಅನ್ನೋದು. ಅಲ್ಲಿನ ಶಾಲೆ ಮಕ್ಕಳು ತಮ್ಮ ಭಾಷೆ ವ್ಯಾಕರಣದಲ್ಲಿ ಓದೋದು ಇದನ್ನ. ಮೂಲ ಪ್ರಶ್ನೇಲಿರೋ "ಥೇ ಸಾಯ್ ಖಿಯೆನ್" ಇನ್ನೊಬ್ರಿಂದ ಮಾಡಿಸೋದಕ್ಕೆ ಇರೋ ಹೆಸರು. ಖಿಯೆನ್ ಎರಡರಲ್ಲೂ ಇರೋದ್ರಿಂದ ತುಂಬಾ ಜನ ಗೊಂದಲ ಮಾಡ್ಕೋತಾರೆ.

ಈಗ ಹೆಸರನ್ನೇ ಬಿಡಿಸೋಣ. ಥೇ ಅಂದ್ರೆ ದೇಹ, ರೂಪ. ಕರ್ಮಣಿಗೆ "ಥೇ ಬಿ ದೋಂಗ್" ಅಂತಾರಲ್ಲ, ಅಲ್ಲಿರೋದೂ ಇದೇ ಥೇ. ಸಾಯ್ ಅಂದ್ರೆ ಕಿರಿಯರನ್ನೋ ಆಳನ್ನೋ ಒಂದು ಕೆಲಸಕ್ಕೆ ಅಟ್ಟೋದು. ಇದು ಚೀನೀ ಭಾಷೆಯಿಂದ ಬಂದ ಪದ, ಅದೇ ಚೀನೀ ಅಕ್ಷರದಿಂದಾನೇ ತಪ್ಪು ಅನ್ನೋ ಅರ್ಥದ ಸಾಯ್ ಕೂಡ ಬಂದಿದೆ, ಕ್ಲಾಸಲ್ಲಿ ತಪ್ಪು ಉತ್ತರ ಹೇಳಿದ್ರೆ ಟೀಚರ್ "ಸಾಯ್ ಝೋಯ್" ಅಂತಾರಲ್ಲ ಅದು. ಖಿಯೆನ್‌ನ ಮೂಲಾನೂ ಚೀನೀನೇ, ಕಳಿಸು, ಆಗುವಂತೆ ಮಾಡು ಅಂತ ಅರ್ಥ. ನಾವು ವ್ಯಾಕರಣದ ಹೆಸರುಗಳನ್ನ ಸಂಸ್ಕೃತದಿಂದ ತಂದ್ಕೊಂಡು ಪ್ರೇರಣಾರ್ಥಕ, ವಿಧ್ಯರ್ಥ ಅಂದ ಹಾಗೇ ಅವ್ರು ಚೀನೀಯಿಂದ ತಂದ್ಕೊಂಡಿದಾರೆ. ಆದ್ರೆ ಜೋಡಿಸಿರೋ ಕ್ರಮ ಮಾತ್ರ ಅವ್ರದೇ: ಚೀನೀ, ಜಪಾನೀಸ್‌ನಲ್ಲಿ "ರೂಪ" ಅನ್ನೋದು ಕೊನೇಲಿ ಬರುತ್ತೆ, ಇವ್ರು ಅದನ್ನ ಮುಂದಿಟ್ಟು "ರೂಪ, ಮಾಡಿಸೋದು" ಅಂತಾರೆ.

ನಿಮ್ಮ ಟೀಚರ್ ಹೇಳಿದ್ದು ಅಕ್ಷರಶಃ ಸರಿ. ಈ ಹೆಸರು ಹೆಚ್ಚಾಗಿ ಕಾಣಿಸೋದು ಬೇರೆ ಭಾಷೆಗಳನ್ನ ವಿಯೆಟ್ನಾಮಿನವರಿಗೆ ಕಲಿಸೋ ಪುಸ್ತಕಗಳಲ್ಲಿ. ಜಪಾನೀಸ್‌ನಲ್ಲಿ ತಿನ್ನು ಅನ್ನೋದಕ್ಕೆ "ತಬೆರು", ತಿನ್ನಿಸು ಅನ್ನೋದಕ್ಕೆ "ತಬೆಸಸೆರು", ಕ್ರಿಯಾಪದದ ರೂಪಾನೇ ಬದಲಾಗುತ್ತೆ, ಹಾಗಾಗಿ ಅಲ್ಲಿ ಥೇ ಅನ್ನೋದಕ್ಕೆ ಅರ್ಥ ಇದೆ. ಇಂಗ್ಲಿಷ್ ಕಲಿಸೋವಾಗ ಇದೇ ಸಂಗತಿಗೆ "ಥೇ ಚುಯೆನ್ ಖಿಯೆನ್" ಅಂತಾನೂ ಬಳಸ್ತಾರೆ. ವಿಯೆಟ್ನಾಮೀಸ್‌ನಲ್ಲಿ ಆದ್ರೆ ಯಾವ ಪದದ ರೂಪಾನೂ ಬದಲಾಗಲ್ಲ, ಅನ್ ಅಂದ್ರೆ ತಿನ್ನು, ನಿನ್ನೆ ತಿಂದ್ರೂ ಅನ್, ನಾಳೆ ತಿಂದ್ರೂ ಅನ್, ಬೇರೆಯವರು ತಿನ್ನಿಸಿದ್ರೂ ಅನ್. ಬಾಲಕ್ಕೆ ಏನೂ ಅಂಟಲ್ಲ. ಅದಕ್ಕೇ ರೂಪ ಇಲ್ಲ ಅಂದಿದ್ದು, ಮಾಡಿಸೋದನ್ನ ಹೇಳೋಕೆ ಆಗಲ್ಲ ಅಂತ ಅಲ್ಲ.

ಆ ಕೆಲಸಕ್ಕೆ ಅವ್ರು ಮುಂದೆ ಬೇರೊಂದು ಕ್ರಿಯಾಪದ ಇಡ್ತಾರೆ, ಮಾಡಿಸೋರು, ಆ ಕ್ರಿಯಾಪದ, ಮಾಡೋರು, ಮಾಡೋ ಕೆಲಸ, ಈ ಸಾಲಲ್ಲಿ. "ಮೆ ಬತ್ ಕೊನ್ ಅನ್ ಜಾವ್", ಅಮ್ಮ ಮಗೂಗೆ ಬಲವಂತವಾಗಿ ತರಕಾರಿ ತಿನ್ನಿಸ್ತಾಳೆ. "ಮೆ ಚೊ ಕೊನ್ ಸೆಮ್ ತಿವಿ", ಅಮ್ಮ ಮಗೂಗೆ ಟಿವಿ ನೋಡೋಕೆ ಬಿಡ್ತಾಳೆ. "ಮೆ ಸಾಯ್ ಕೊನ್ ದಿ ಮುವಾ ಮುವೊಯ್", ಅಮ್ಮ ಮಗೂನ ಉಪ್ಪು ತರೋಕೆ ಕಳಿಸ್ತಾಳೆ. ನೋಡಿ, ಕೊನ್ ಅಂದ್ರೆ ಮಗು, ಅದಾದ ಮೇಲೆ ಬರೋ ಕ್ರಿಯಾಪದ ಹೇಗಿತ್ತೋ ಹಾಗೇ ಇದೆ.

ಹನೋಯ್_ಆರು_ವರ್ಷ

ಪದಮೂಲ ಅವ್ರು ಚೆನ್ನಾಗಿ ಹೇಳಿದಾರೆ. ನಾನು ವ್ಯಾಕರಣ ಓದಿದವನಲ್ಲ, ಆರು ವರ್ಷದಿಂದ ಇಲ್ಲಿ ಜನರ ಜೊತೆ ಮಾತಾಡಿ ಕಲ್ತಿದ್ದು, ಬೈಕಿನ ವಿಷಯಕ್ಕೆ ನಾನು ಉತ್ತರ ಕೊಡ್ತೀನಿ.

ತಂಗಿ, "ಬತ್" ಅಂದ್ರೆ ಮೂಲದಲ್ಲಿ ಹಿಡಿ ಅಂತ. ಮೀನು ಹಿಡಿಯೋದಕ್ಕೂ ಬತ್, ಪೊಲೀಸ್ರು ಕಳ್ಳನ್ನ ಹಿಡಿಯೋದಕ್ಕೂ ಬತ್. ಒಬ್ರನ್ನ ಬತ್ ಮಾಡಿ ಕೆಲಸ ಮಾಡ್ಸಿದ್ರೆ ಅವ್ರಿಗೆ ಇಷ್ಟ ಇರ್ಲಿಲ್ಲ, ಹಿಡಿದು ಕೂರ್ಸಿ ಮಾಡ್ಸಿದೆ ಅಂತ ಆಯ್ತು. ಪಾಪ ಅವ್ರು ಪ್ರೀತಿಯಿಂದ ಮಾಡ್ಕೊಟ್ಟಿದ್ದನ್ನ ನೀವು ಎಲ್ರ ಮುಂದೆ "ಇವ್ರಿಗೆ ಬಲವಂತ ಮಾಡಿ ರಿಪೇರಿ ಮಾಡಿಸ್ದೆ" ಅಂದ ಹಾಗಾಯ್ತು, ಅದೂ ವಯಸ್ಸಲ್ಲಿ ದೊಡ್ಡೋರಿಗೆ. ಅಲ್ಲಿ ಬರಬೇಕಾಗಿದ್ದ ಪದ "ಞ". ನಮ್ಮ ವರ್ಣಮಾಲೇಲಿ ಇದ್ದೂ ನಾವು ಹೆಚ್ಚು ಬಳಸದ ಆ ಅಕ್ಷರ ಇಲ್ಲಿ ಸರಿಯಾಗಿ ಕೂರುತ್ತೆ, ಟೋನ್ ಮಾತ್ರ ಕೆಳಗಿಳೀಬೇಕು. "ತೋಯ್ ಞ ಆಞ್ ಅಯ್ ಸುವಾ ಸೆ ಮಾಯ್", ಅಂದ್ರೆ ಅವ್ರನ್ನ ಕೇಳ್ಕೊಂಡು, ಅವ್ರ ಉಪಕಾರದಿಂದ ಬೈಕ್ ಸರಿ ಮಾಡಿಸ್ಕೊಂಡೆ. ಈ ಞಗೆ ಇನ್ನೊಂದು ಬಳಕೆ ಇದೆ, "ನಿಮ್ಮಿಂದ ನಾನು ಪಾಸಾದೆ" ಅನ್ನೋವಾಗ ಆ "ನಿಮ್ಮಿಂದ"ಗೆ ಅವ್ರು ಹೇಳೋದೂ ಇದೇ ಪದ. ನಾವೂ "ಅವರಿಂದ ಮಾಡಿಸ್ದೆ", "ಅವರಿಂದ ಆಯ್ತು" ಎರಡಕ್ಕೂ ಒಂದೇ "ಇಂದ" ಹಾಕ್ತೀವಲ್ಲ, ಹಾಗೆ ನೆನಪಿಟ್ಕೊಳ್ಳಿ.

ಕನ್ನಡದವರು ಎಡವೋದು ಇಲ್ಲೇ. "ಮಾಡಿಸ್ದೆ" ಅಂದ್ರೆ ಹೆದರ್ಸಿ ಮಾಡ್ಸಿದ್ಯೋ, ಕೈಮುಗಿದು ಕೇಳ್ಕೊಂಡ್ಯೋ, ದುಡ್ಡು ಕೊಟ್ಯೋ, ಸುಮ್ನೆ ಬಿಟ್ಯೋ ಏನೂ ಗೊತ್ತಾಗಲ್ಲ, ಇಸು ಎಲ್ಲಾನೂ ಒಳಗೆ ಹಾಕ್ಕೊಂಡು ಕೂತಿರುತ್ತೆ. ಇವ್ರ ಭಾಷೇಲಿ ಆ ರಿಯಾಯ್ತಿ ಇಲ್ಲ. ಬಾಯಿ ತೆಗೆಯೋಕೆ ಮುಂಚೆ ನಿಮಗೂ ಆ ಮನುಷ್ಯನಿಗೂ ಏನು ಸಂಬಂಧ, ಹೇಗೆ ಕೇಳಿದ್ರಿ ಅನ್ನೋದು ತೀರ್ಮಾನ ಆಗಿರಬೇಕು. ಉಪಕಾರ ಆದ್ರೆ ಞ. ಸಂಬಳ ಕೊಟ್ಟು ಮಾಡ್ಸಿದ್ರೆ "ಥುವೆ", ಬಾಡಿಗೆಗೆ ತಗೊಳ್ಳೋದಕ್ಕೂ ಅದೇ ಪದ. ಸಮಾನರಿಗೋ ಚಿಕ್ಕೋರಿಗೋ ಹೇಳಿದ್ರೆ "ಬಾವ್". ದಕ್ಷಿಣದ ಕಡೆ, ಸೈಗಾನ್‌ನಲ್ಲಿ ಬಾವ್ ಬದಲು "ಕೇವು" ಜಾಸ್ತಿ ಕೇಳಿಸುತ್ತೆ, ಅದರ ಅರ್ಥ ಕರೆ, ಕೂಗು. ಫ್ಯಾನ್ ಕೆಟ್ಟು ಮೆಕ್ಯಾನಿಕ್‌ನ ಕರೆಸಿದ್ರೆ ಇವ್ರು ಮಾಡಿಸ್ದೆ ಅನ್ನೋದೇ ಇಲ್ಲ, "ಗೋಯ್ ಥ ದೇನ್ ಸುವಾ" ಅಂತಾರೆ, ಮೆಕ್ಯಾನಿಕ್‌ನ ಕರೆದು ಬಂದು ರಿಪೇರಿ, ನಡೆದಿದ್ದನ್ನ ನಡೆದ ಹಾಗೇ ಒಂದರ ಹಿಂದೆ ಒಂದು.

"ದೇ" ಅಂತ ಇನ್ನೊಂದಿದೆ, ನನಗೆ ತುಂಬಾ ಇಷ್ಟ. ಅದರ ಅರ್ಥ ಇಡು, ಬಿಡು. "ದೇ ತೋಯ್ ಲಾಮ್" ಅಂದ್ರೆ "ನಾನ್ ಮಾಡ್ತೀನಿ ಬಿಡಿ", ನಮ್ಮ ಬಿಡು ಇದ್ದ ಹಾಗೇ ಇದೆ. ಯಾರನ್ನಾದ್ರೂ ಕಾಯಿಸಿದ್ರೆ "ಸಿನ್ ಲೋಯ್ ದೇ ಆಞ್ ಚ ಲವ್" ಅನ್ನಿ, ಇಷ್ಟೊತ್ತು ಕಾಯೋ ಹಾಗೆ ಬಿಟ್ಟಿದ್ದಕ್ಕೆ ಕ್ಷಮಿಸಿ ಅಂತ. ಇಲ್ಲಿ ಬತ್ ಕೂಡ ಕೇಳಿಸುತ್ತೆ, ಆದ್ರೆ ಆಗ ತಪ್ಪನ್ನೆಲ್ಲ ತನ್ನ ಮೇಲೇ ಎಳ್ಕೊಂಡು, ನಾನೇ ನಿಮಗೆ ಈ ಕಷ್ಟ ಕೊಟ್ಟೆ ಅಂತ ಹೇಳೋ ಧ್ವನಿ. ಅಂದ್ರೆ ಬತ್ ಕೆಟ್ಟ ಪದ ಏನಲ್ಲ, ನನ್ನ ತಪ್ಪು ಒಪ್ಕೊಳ್ಳೋಕೆ ಬಳಸಬಹುದು, ಇನ್ನೊಬ್ರ ಉಪಕಾರ ಹೇಳೋಕೆ ಬಳಸಬಾರದು.

ದನಾಂಗ್_ಹುಡುಗಿ

ಅಣ್ಣ ತುಂಬಾ ಥ್ಯಾಂಕ್ಸ್, ಈಗ ಅರ್ಥ ಆಯ್ತು, ಅವ್ರಿಗೆ ಎಷ್ಟು ಬೇಜಾರಾಗಿರಬೇಕು ಅಂತ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ, ನಾಳೆನೇ ಹೋಗಿ ಸರಿಯಾಗಿ ಹೇಳ್ತೀನಿ. ಪದಮೂಲ ಸರ್, ಒಂದು ಡೌಟು. ಖಿಯೆನ್ ಒಂದೇ ಬಳಸಬಹುದಾ? ಹೆಸರಲ್ಲೇ ಇದೆಯಲ್ಲ. ಆಮೇಲೆ "ಲಾಮ್" ಕೂಡ ಮಾಡು ಅಂತ, ಅದನ್ನೂ ಮಾಡಿಸೋದಕ್ಕೆ ಹಾಕ್ತಾರೆ ಅಂತ ಕ್ಲಾಸಲ್ಲಿ ಬಂತು. ಮತ್ತೆ ಇನ್ನೊಂದು, ನಾನು ಹೇರ್ ಕಟ್ ಮಾಡಿಸ್ಕೊಂಡ್ ಬಂದೆ ಅನ್ನೋಕೆ ಞ ಹಾಕಬೇಕಾ ಥುವೆ ಹಾಕಬೇಕಾ?

ಪದಮೂಲ

ಮೊದಲು ಖಿಯೆನ್. ಒಬ್ರಿಗೆ ಹೇಳಿ ಕೆಲಸ ಮಾಡಿಸೋಕೆ ಅದು ಸರಿಹೋಗಲ್ಲ. ಕಾರಣ ಮತ್ತು ಪರಿಣಾಮ ಇದ್ದಾಗ ಅದು ಬರುತ್ತೆ, ಮಳೆ ಬಂದು ನನಗೆ ಲೇಟಾಯ್ತು, ಆ ಮಾತು ಅವಳನ್ನ ಯೋಚನೆಗೆ ಹಚ್ಚಿತು, ಈ ಥರ. ಬರವಣಿಗೇಲಿ, ನ್ಯೂಸಲ್ಲಿ ಜಾಸ್ತಿ. ಮಾತಲ್ಲಿ ಅದೇ ಜಾಗಕ್ಕೆ ಲಾಮ್ ಅಥವಾ "ಲಾಮ್ ಚೊ" ಬರುತ್ತೆ, "ತಿನ್ ದೊ ಲಾಮ್ ತೋಯ್ ಬುವನ್", ಆ ಸುದ್ದಿ ನನಗೆ ದುಃಖ ತಂತು. ಇಲ್ಲಿ ಮಾಡಿಸೋದು ಮನುಷ್ಯ ಅಲ್ಲ, ಸುದ್ದಿ, ಹಾಗಾಗಿ ಬತ್, ಞ ಯಾವುದಕ್ಕೂ ಜಾಗ ಇಲ್ಲ.

ಲಾಮ್‌ಗೆ ಇನ್ನೊಂದು ಗುಣ ಇದೆ ಮತ್ತು ಅದು ನಿಮಗೆ ದಿನಾ ಬೇಕಾಗುತ್ತೆ. ಕೈತಪ್ಪಿ ಆಗೋ ಕೆಲಸಗಳಿಗೆಲ್ಲ ಲಾಮ್ ಮುಂದೆ ಹಾಕಿದ್ರೆ ಮುಗೀತು. "ದೋ" ಅಂದ್ರೆ ಚೆಲ್ಲಿಹೋಗು, "ಲಾಮ್ ದೋ ಕಾ ಫೇ" ಅಂದ್ರೆ ಕಾಫಿ ಚೆಲ್ಲಿದೆ. "ಮತ್" ಅಂದ್ರೆ ಕಳೆದುಹೋಗು, "ಲಾಮ್ ಮತ್" ಅಂದ್ರೆ ಕಳೆದುಹಾಕು. ಇಲ್ಲಿ ಲಾಮ್ ಪಕ್ಕದಲ್ಲೇ ಆ ಕ್ರಿಯಾಪದ ಅಂಟ್ಕೊಂಡು ಕೂರುತ್ತೆ ನೋಡಿ, ಕಾಫಿ ಆಮೇಲೆ ಬರುತ್ತೆ, ಎರಡೂ ಸೇರಿ ಹೆಚ್ಚುಕಮ್ಮಿ ಒಂದೇ ಪದದ ಥರ. "ಲಾಮ್ ಕಾ ಫೇ ದೋ" ಅಂತ ನಡುವೆ ಕಾಫಿ ಇಟ್ರೂ ನಡೆಯುತ್ತೆ. ಖಿಯೆನ್‌ಗೆ ಹೀಗೆ ಅಂಟ್ಕೊಳ್ಳೋ ಗುಣ ಸಾಮಾನ್ಯವಾಗಿ ಇಲ್ಲ, ಅದಕ್ಕೆ ನಡುವೆ ವ್ಯಕ್ತಿನೋ ವಸ್ತುನೋ ಬೇಕು. ನಮ್ಮ ಇಸುಗೆ ಅತಿ ಹತ್ತಿರ ಬರೋದು ಯಾವುದು ಅಂತ ಕೇಳಿದ್ರೆ ನಾನು ಈ ಅಂಟ್ಕೊಂಡಿರೋ ಲಾಮ್ ಕಡೆಗೇ ಕೈ ತೋರಿಸ್ತೀನಿ.

ಕೂದಲು ವಿಷಯಕ್ಕೆ, ಯಾವುದೂ ಬೇಡ. "ತೋಯ್ ದಿ ಕಾತ್ ತೊಕ್". ಅಷ್ಟೇ. ಪದಕ್ಕೆ ಪದ ನೋಡಿದ್ರೆ ನಾನು ಹೋಗಿ ಕೂದಲು ಕತ್ತರಿಸ್ತೀನಿ ಅಂತ, ಆದ್ರೆ ಕೇಳಿದವರಿಗೆಲ್ಲ ಕತ್ತರಿಸಿದ್ದು ಯಾರು ಅಂತ ಗೊತ್ತು. ಹಲ್ಲು ಕೀಳಿಸ್ಕೊಳ್ಳೋಕೆ ಹೋದ್ರೂ "ದಿ ಞೋ ಜಂಗ್", ಹಲ್ಲು ಕೀಳೋಕೆ ಹೋದೆ. ಮನೆ ಕಟ್ಟಿಸಿದ್ರೂ "ಸಯ್ ಞಾ", ಮನೆ ಕಟ್ಟು. ನಾವೂ "ಅವ್ರು ಮನೆ ಕಟ್ಟಿದ್ರು" ಅಂತೀವಿ, ಆದ್ರೆ ಹಲ್ಲಿನ ವಿಷಯದಲ್ಲಿ "ಹಲ್ಲು ಕೀಳೋಕೆ ಹೋಗಿದ್ದೆ" ಅಂದ್ರೆ ನಮ್ಮನ್ನ ಡೆಂಟಿಸ್ಟ್ ಅಂದ್ಕೋತಾರೆ, ಕೀಳಿಸ್ಕೊಳ್ಳೋಕೆ ಅನ್ನಲೇಬೇಕು. ನಾವು ಇಸು ಹಾಕದೆ ಬಿಡದ ಎಷ್ಟೋ ಕಡೆ ಅವ್ರು ಏನೂ ಹಾಕಲ್ಲ, ಮೇಲೆ ಹನೋಯ್ ಸರ್ ಹೇಳಿದ ಹಾಗೆ ನಾವು ಒಂದೇ ಇಸುನಲ್ಲಿ ಮುಗಿಸೋ ಕಡೆ ಅವ್ರು ಆರೇಳು ಪದದಲ್ಲಿ ಒಂದನ್ನ ಆರಿಸ್ತಾರೆ. ಅದಕ್ಕೇ ಕನ್ನಡ ವಾಕ್ಯ ಇಟ್ಕೊಂಡು ಇಸುಗೆ ಸಮಾನ ಪದ ಹುಡುಕೋ ಅಭ್ಯಾಸ ಬಿಡಿ ಅಂತ ನನ್ನ ಕಳಕಳಿಯ ಮಾತು, ನಾನೇ ಎರಡು ವರ್ಷ ಹಾಗೆ ಹುಡುಕಿದೀನಿ.

ಕಲಿಕೆ_ನಿರಂತರ

ತಿದ್ದಿದ್ದಕ್ಕೆ ಧನ್ಯವಾದ ಪದಮೂಲ ಅವ್ರೇ, ಕವ್ ಖಿಯೆನ್ ಸಾಯ್ ಖಿಯೆನ್ ನಿಜಕ್ಕೂ ಒಂದೇ ಅಂದ್ಕೊಂಡಿದ್ದೆ. ಹೀಗೆ ಆರಿಸ್ಕೊಂಡು ಹೇಳೋದು ಕರ್ಮಣೀಲೂ ಇದೆ ಅಲ್ವಾ? ಪೆಟ್ಟು ತಿಂದ್ರೆ "ಬಿ", ಹೊಗಳಿಸ್ಕೊಂಡ್ರೆ "ದುವಕ್". ಒಳ್ಳೇದಾಯ್ತೋ ಕೆಟ್ಟದ್ದಾಯ್ತೋ ಅಂತ ಹೇಳದೆ ವಾಕ್ಯನೇ ಮುಗಿಯಲ್ಲ ಅಂತ ನಮ್ಮ ಮೇಷ್ಟ್ರು ಹೇಳಿದ್ರು, ಈಗ ಅದೂ ಇದೂ ಒಂದೇ ಸ್ವಭಾವ ಅನ್ನಿಸ್ತಿದೆ.

ಇನ್ನೊಂದು ಕೇಳ್ಬೇಕು. ಈ ಭಾಷೇಲಿ ಯಾವತ್ತೂ ಪ್ರತ್ಯಯ ಇರ್ಲೇ ಇಲ್ವಾ, ಅಥವಾ ಇದ್ದು ಹೋಯ್ತಾ?

ಪದಮೂಲ

ಹೌದು, ಬಿ ಮತ್ತು ದುವಕ್ ಹೋಲಿಕೆ ಸರಿಯಾಗಿದೆ.

ಇದ್ದು ಹೋಯ್ತಾ ಅಂದ್ರಲ್ಲ, ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಚೀನೀ ಪದಗಳು ರಾಶಿ ರಾಶಿ ಇದ್ರೂ ವಿಯೆಟ್ನಾಮೀಸ್ ಚೀನೀ ಕುಟುಂಬದ ಭಾಷೆ ಅಲ್ಲ, ಆಸ್ಟ್ರೋ ಏಷ್ಯಾಟಿಕ್ ಕುಟುಂಬದ್ದು, ಕಾಂಬೋಡಿಯಾದ ಖ್ಮೇರ್ ಅದರ ನೆಂಟ. ಖ್ಮೇರ್‌ನಲ್ಲಿ ಕಲಿ ಅನ್ನೋದಕ್ಕೆ "ರಿಯೆನ್", ಕಲಿಸು ಅನ್ನೋದಕ್ಕೆ "ಬಾಂಗ್‌ರಿಯೆನ್". ನಾವು ಹಿಂದೆ ಅಂಟಿಸೋದನ್ನ ಅವ್ರು ಮುಂದೆ ಅಂಟಿಸ್ತಾರೆ ಅಷ್ಟೇ. ಈ ಕುಟುಂಬದ ಭಾಷೆಗಳಲ್ಲಿ ಮುಂದೆ ಅಂಟೋ ಇಂಥ ಪ್ರತ್ಯಯ ಹಳೇದು.

ವಿಯೆಟ್ನಾಮೀಸ್‌ನಲ್ಲಿ ಅದು ಸವೆದುಹೋಗಿದೆ, ಆದ್ರೆ ಗುರುತು ಬಿಟ್ಟಿದೆ. "ಚೇತ್" ಅಂದ್ರೆ ಸಾಯಿ, "ಝೇತ್" ಅಂದ್ರೆ ಕೊಲ್ಲು, ಅಂದ್ರೆ ಸಾಯಿಸು. "ಚೀಮ್" ಮುಳುಗು, "ಝೀಮ್" ಮುಳುಗಿಸು. "ದುಂಗ್" ನಿಲ್ಲು, "ಝುಂಗ್" ಎತ್ತಿ ನಿಲ್ಲಿಸು. ಇದು ಹನೋಯ್ ಉಚ್ಚಾರಣೆ, ದಕ್ಷಿಣದಲ್ಲಿ ಆ ಝ ಎಲ್ಲ ಯ ಆಗುತ್ತೆ. ಮೂರೂ ಜೋಡೀಲಿ ಮೊದಲ ವ್ಯಂಜನ ಮೆತ್ತಗಾಗಿದೆ ನೋಡಿ. ಒಂದು ಕಾಲದಲ್ಲಿ ಮುಂದೆ ಒಂದು ಚಿಕ್ಕ ಉಚ್ಚಾರ ಇತ್ತು, ಅದರ ಹಿಂದೆ ಸಿಕ್ಕಿಹಾಕ್ಕೊಂಡ ವ್ಯಂಜನ ಮೆತ್ತಗಾಯ್ತು, ಆಮೇಲೆ ಆ ಉಚ್ಚಾರ ಉದುರಿಹೋಯ್ತು, ಮೆತ್ತಗಾದದ್ದು ಮಾತ್ರ ಹಾಗೇ ಉಳೀತು ಅಂತ ಭಾಷಾ ಇತಿಹಾಸ ಓದಿದವರು ವಿವರಿಸ್ತಾರೆ. ಇವತ್ತಿನ ವಿಯೆಟ್ನಾಮೀಸ್ ಮಾತಾಡೋರಿಗೆ ಅವು ಬೇರೆ ಬೇರೆ ಪದಗಳು ಅಷ್ಟೇ, ಹೊಸದಾಗಿ ಇಂಥ ಜೋಡಿ ಮಾಡೋಕಾಗಲ್ಲ. ನಮ್ಮ "ಏಳು-ಎಬ್ಬಿಸು" ಥರ ಅಂದ್ಕೋಬೇಡಿ, ಅಲ್ಲಿ ಇಸು ಇನ್ನೂ ಕಣ್ಣಿಗೆ ಕಾಣುತ್ತೆ. ಇಲ್ಲಿ ಉಳಿದಿರೋದು ಪ್ರತ್ಯಯ ಅಲ್ಲ, ಅದು ಒತ್ತಿ ಹೋದ ಗುರುತು. ಚೇತ್ ಝೇತ್ ಮೊದಲ ಸಲ ಪಕ್ಕಪಕ್ಕ ಬರೆದು ನೋಡಿದ ದಿನ ನಾನು ರಾತ್ರಿ ಎಲ್ಲ ಇಂಥ ಇನ್ನೊಂದು ಜೋಡಿ ಸಿಗುತ್ತಾ ಅಂತ ಡಿಕ್ಷನರಿ ತಿರುವಿ ಹಾಕಿದ್ದೆ.

ದನಾಂಗ್_ಹುಡುಗಿ

ಅಪ್ಡೇಟ್ ಕೊಡೋಣ ಅಂತ ಬಂದೆ. ಆಫೀಸಲ್ಲಿ ಆ ಸೀನಿಯರ್ ಹತ್ರ ಹೋಗಿ, ಅವತ್ತು ನಾನು ಬತ್ ಅಂದಿದ್ದು ತಪ್ಪು, ಞ ಅನ್ನಬೇಕಿತ್ತು ಅಂತ ಹೇಳ್ದೆ. ಅವ್ರು ನಕ್ಕು, ಕಲಿಯೋರು ಹಾಗೇ ಅಲ್ವಾ ಅಂದ್ರು, ಆಮೇಲೆ ನನ್ನ ಞ ಟೋನ್ ತಿದ್ದಿ ಐದಾರು ಸಲ ಹೇಳಿಸಿದ್ರು. ಹೇಳಿಸಿದ್ರು ಅನ್ನೋದಕ್ಕೆ ಇಲ್ಲಿ ಯಾವ ಪದ ಹಾಕ್ಬೇಕು ಅಂತ ಅಲ್ಲೇ ನಿಂತು ಯೋಚನೆ ಮಾಡ್ದೆ, ನಾನೇ ಖುಷಿಯಿಂದ ಹೇಳಿದ್ದು, ಅವ್ರು ಹೇಳಿ ಅಂದಿದ್ದು, ಹಾಗಾದ್ರೆ ಬಾವ್ ಅಲ್ವಾ?

ಇನ್ನೊಂದು. ಮನೆ ಓನರ್ ಅಜ್ಜಿ ದಿನಾ ಬೆಳಿಗ್ಗೆ ನನ್ನ ಗಿಡಕ್ಕೂ ನೀರು ಹಾಕ್ತಾರೆ, ನಾನು ರಜಕ್ಕೆ ಊರಿಗೆ ಹೋಗೋವಾಗ ಹಾಗೇ ಮುಂದುವರೆಸಿ ಅಂತ ಹೇಳಿ ಹೋಗ್ಬೇಕು. ಫ್ರೆಂಡ್‌ಗೆ "ಅಜ್ಜಿಗೆ ನೀರು ಹಾಕೋಕೆ ಹೇಳಿದೀನಿ" ಅನ್ನೋವಾಗಲೂ ಬಾವ್ ನಡೆಯುತ್ತಾ?

ಹನೋಯ್_ಆರು_ವರ್ಷ

ಮೊದಲನೇದಕ್ಕೆ ಬಾವ್ ಸರಿ, ಅವ್ರು ನಿಮಗಿಂತ ದೊಡ್ಡೋರು, ಹೇಳ್ಕೊಟ್ಟಿದಾರೆ.

ಅಜ್ಜಿಗೆ ಬೇಡಮ್ಮ. ದೊಡ್ಡೋರಿಗೆ ಕಿರಿಯರು ಬಾವ್ ಅನ್ನೋ ಹಾಗಿಲ್ಲ, ಅಜ್ಜಿ ಎದುರಿಗಿಲ್ದೇ ಇದ್ರೂ ಅಷ್ಟೇ, ಫ್ರೆಂಡ್ ಕಿವಿಗೂ ಒರಟಾಗಿ ಕೇಳುತ್ತೆ. ಅಲ್ಲೂ ಞ ಹಾಕಿ, "ಞ ಬಾ" ಅಂತ ಶುರು ಮಾಡಿ. ಬಾ ಅಂದ್ರೆ ಅಜ್ಜಿ.

ಅಜ್ಜಿ ಜೊತೆ ನೇರವಾಗಿ ಮಾತಾಡೋವಾಗ "ತೋಯ್" ಅನ್ನಬೇಡಿ, "ಚಾವ್" ಅನ್ನಿ, ಮೊಮ್ಮಗಳು ಅಂತ. "ಚಾವ್ ಞ ಬಾ" ಅಂದು ಕೆಲಸ ಹೇಳಿ. ಟೋನ್ ಗೊತ್ತಿಲ್ದಿದ್ರೆ ಪಕ್ಕದ ಸೀಟಿನ ಆ ಹುಡುಗಿ ಕೈಲಿ ಒಂದ್ಸಲ ಓದಿಸ್ಕೊಳ್ಳಿ.